ಬೇಲಿಯ ಮೇಲಿನ ಸಿಂಬಿ

ತೊಲೆಗೆ ಕಟ್ಟಿದ ಜೋಲಿಗಳ ಗಂಟುಗಳನ್ನು ಕರಿಬಸಪ್ಪ ಮತ್ತೊಮ್ಮೆ ಎಳೆದು ನೋಡಿದ. ಗಟ್ಟಿಯಾಗಿಯೇ ಇದ್ದವು. ಗಟ್ಟಿಯಾಗಿವೆಯೆಂದು ಅವನಿಗೆ ಗೊತ್ತೂ ಇತ್ತು. ಆದರೂ ಬೆಳಗಿನಿಂದ ಕೈ ತಾನಾಗಿ ಅತ್ತ ಹೋಗುತ್ತಿತ್ತು, ಸುಮ್ಮನಿರು ಅಂದರೂ ಸುಮ್ಮನಿರುತ್ತಿರಲಿಲ್ಲ. ಒಂದು ಕಾಲಕ್ಕೆ ಹತ್ತಿಯ ಅಂಡಿಗೆಗಳನ್ನು ಒಟ್ಟುತ್ತಿದ್ದ ಉದ್ದನೆಯ ಪಡಸಾಲೆ ಇದು. ಈಗ ಕೊಪ್ಪಳದ ಬಾಲಬೋಧ ಸಂಘದವರು ಅಳವಂಡಿಯಲ್ಲಿ ನಡೆಸುವ ಕನ್ನಡ ಸಾಲೆ. ಮುಂದಿನ ಅರ್ಧದಲ್ಲಿ ಮಕ್ಕಳು, ಹಿಂದಿನ ಅರ್ಧದಲ್ಲಿ ಹಳೆಯ ಸೀರೆಗಳ ನಾಲ್ಕು ಜೋಲಿ. ಕೂಲಿಗೆ ಹೋಗುವ ತಾಯಂದಿರು ಕೂಸನ್ನು ಹಿರಿಯ ಮಗಳ ಸೊಂಟಕ್ಕೇರಿಸಿ ಹೋಗುತ್ತಿದ್ದರು. ಸೊಂಟದ ಮೇಲೆ ಕೂಸಿರುವ ಹುಡುಗಿ ಸಾಲೆಗೆ ಬರುವುದಾದರೂ ಹೇಗೆ? ಹಾಗಾದರೆ ಕೂಸೂ ಬರಲಿ ಎಂದು ಸಂಘದವರು ಹೋದ ವರ್ಷ ಒಪ್ಪಿದ್ದರು. ತಾಯಿಯದೇ ಒಂದು ಹಳೆಯ ಸೀರೆ ತಂದರೆ ಜೋಲಿ ಕಟ್ಟಿಕೊಡುವುದು. ಜೋಲಿಯಿಂದ ಇಳಿದ ಹಗ್ಗ ಅಕ್ಕನ ಕಾಲ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ಅವಳು ಪಾಟಿಯ ಮೇಲೆ ತಿದ್ದುತ್ತ ಕಾಲು ಆಡಿಸುತ್ತಿದ್ದಳು, ಹಿಂದೆ ತಮ್ಮನೋ ತಂಗಿಯೋ ತೂಗುತ್ತಿತ್ತು. ಚೆನ್ನಾಗಿಯೇ ನಡೆದಿತ್ತು. ಆದರೆ ಊರ ಕಟ್ಟೆಯ ಮೇಲೆ ಕೂರುವವರಿಗೆ ಇಷ್ಟು ಸಾಕಾಯಿತು. ಉರ್ದು ಪರೀಕ್ಷೆ ಪಾಸಾಗಿ ತಹಸೀಲು ಕಚೇರಿಯಲ್ಲಿ ಕಾರಕೂನನಾಗುತ್ತೇನೆಂದು ಊರ ತುಂಬ ಹೇಳಿಕೊಂಡು ತಿರುಗಿದ್ದ ಕರಿಬಸಪ್ಪನಿಗೆ ಅವರು ಜೋಲಿ ಮಾಸ್ತರ ಎಂದು ಹೆಸರಿಟ್ಟರು. ಇವತ್ತು ಎಷ್ಟು ಕೂಸಿಗೆ ಲಾಲಿ ಹಾಡಿದಿರಿ ಎಂದು ಕೇಳುತ್ತಿದ್ದರು. ಅವನು ನಗುತ್ತಿದ್ದ, ನಕ್ಕು ಮನೆಗೆ ಹೋಗಿ ರೊಟ್ಟಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ.

ಇವತ್ತು ಸಂಘದ ಕಾರ್ಯದರ್ಶಿ ಈಶಪ್ಪನವರು ಬರುವವರಿದ್ದರು. ಹತ್ತಿಯ ವ್ಯಾಪಾರಿ, ಈ ಪಡಸಾಲೆ ಅವರದೇ. ಹೋದ ತಿಂಗಳ ಸಭೆಯಲ್ಲಿ ಕೆಲವರು ಎದ್ದು ನಿಂತು, ನಾವು ನಡೆಸುತ್ತಿರುವುದು ಸಾಲೆಯೋ ಬಾಣಂತಿಯ ಮನೆಯೋ ಎಂದು ಕೇಳಿದ್ದರಂತೆ. ನಾನೇ ಹೋಗಿ ಕಣ್ಣಾರೆ ನೋಡಿ ಬರುತ್ತೇನೆ, ಪಾಠಕ್ಕೆ ತೊಂದರೆ ಕಂಡರೆ ಜೋಲಿ ಬಿಚ್ಚಿಸಿಬಿಡುತ್ತೇನೆ ಎಂದು ಈಶಪ್ಪನವರು ಮಾತು ಕೊಟ್ಟು ಬಂದಿದ್ದರು. ಜೋಲಿ ಬಿಚ್ಚಿದರೆ ನಾಲ್ಕು ಹುಡುಗಿಯರು ಸಾಲೆ ಬಿಟ್ಟಂತೆಯೇ. ಅವರಲ್ಲಿ ಮೂವರ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಇದ್ದರು, ಹೇಗೋ ಒಂದು ದಾರಿಯಾದೀತು. ಮಾದರ ಕೇರಿಯ ಹುಲಿಗವ್ವನಿಗೆ ಮಾತ್ರ ಯಾರೂ ಇರಲಿಲ್ಲ. ಅವಳ ತಾಯಿ ಪಕ್ಕೀರವ್ವ ಮೊದಲ ದಿನವೇ ಸಾಲೆಯ ಹೊರಗೆ ನಿಂತು ಕಡ್ಡಿ ಮುರಿದಂತೆ ಹೇಳಿದ್ದಳು:

"ಕೂಸು ಸುಮ್ಮ ಇರೂ ತನಕ ಕಳಸ್ತೀನ್ರಿ. ಅದು ಅಳಾಕ ಹತ್ತಿತಂದ್ರ ಇಬ್ಬರನ್ನೂ ಹೊಲಕ್ಕ ಕರಕೊಂಡು ಹೋಗ್ತೀನಿ. ಆಮ್ಯಾಲ ನನ್ನ ಬೈಬ್ಯಾಡ್ರಿ."

ಅವಳು ಅಂದಂತೆ ಮಾಡುವ ಹೆಂಗಸು. ಒಮ್ಮೆ ಹೊಲಕ್ಕೆ ಹೋದ ಹುಡುಗಿ ತಿರುಗಿ ಬರುವುದಿಲ್ಲ, ಅದನ್ನೂ ಕರಿಬಸಪ್ಪ ಕಂಡಿದ್ದ. ಹುಲಿಗವ್ವ ಓದುವಾಗ ಯಾರನ್ನೋ ಬೈಯುವಂತೆ ಓದುತ್ತಿದ್ದಳು. ಅಕ್ಷರಗಳು ತನಗೆ ಕೊಡಬೇಕಾದ್ದನ್ನು ಕೊಡದೆ ಸತಾಯಿಸುತ್ತಿವೆ ಎಂಬಂತೆ ಹುಬ್ಬು ಗಂಟಿಕ್ಕಿ, ಬೆರಳಿನಿಂದ ಒತ್ತಿ ಹಿಡಿದು, ಒಂದನ್ನೂ ಬಿಡುತ್ತಿರಲಿಲ್ಲ. ಆ ಓದು ಕೇಳಿದಾಗಲೆಲ್ಲ ಕರಿಬಸಪ್ಪನಿಗೆ ತಾನು ಕಾರಕೂನನಾಗದೆ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತಿತ್ತು. ಅಷ್ಟು ಖುಷಿ ಅವನಿಗೆ ಬೇರೆ ಯಾವುದರಿಂದಲೂ ಸಿಕ್ಕಿರಲಿಲ್ಲ.

ಹಾಗಿದ್ದೂ ಇವತ್ತು ಅವನು ಒಂದು ಕಡೆ ನಿಲ್ಲಲಾರದೆ ತಿರುಗಾಡುತ್ತಿದ್ದ. ಒಗೆದ ಸೀರೆಗಳ ವಾಸನೆ ಅದಕ್ಕೆ ಕಾರಣವೆಂದು ತೋರಿತು. ಸವಳು ಮಣ್ಣಿನ ವಾಸನೆ. ಯುದ್ಧದ ದೆಸೆಯಿಂದ ಸಾಬೂನು ಸಿಗದೆ ಊರಿನವರೆಲ್ಲ ತಿರುಗಿ ಸವಳಿಗೇ ಬಂದಿದ್ದರು. ಎಲ್ಲಿಯೋ ಎಂದೋ ಈ ವಾಸನೆಯಲ್ಲಿ ತಾನು ಬಹಳ ಹೊತ್ತು ಇದ್ದೆ ಎಂದು ಅನ್ನಿಸುತ್ತಿತ್ತು, ಎಲ್ಲಿ ಎಂದು ನೆನಪಾಗುತ್ತಿರಲಿಲ್ಲ. ಸಾಹುಕಾರರು ಬರುತ್ತಾರೆ, ಜೋಲಿ ಮಡಿಯಾಗಿರಲಿ ಎಂದು ನಿನ್ನೆ ರಜೆಯ ದಿನ ಎಲ್ಲ ಸೀರೆ ಬಿಚ್ಚಿ ಒಗೆಯಲು ಹಾಕಿದ್ದ. ಹಾಗೆಂದು ಎಲ್ಲರಿಗೂ ಹೇಳಿದ್ದ. ಆದರೆ ನಸುಕಿನಲ್ಲಿ ಎದ್ದು ಹಾಸಿಗೆಯ ಮೇಲೆ ಕೂತಾಗ ಮನಸ್ಸಿಗೆ ಯಾರ ಭಯವೂ ಇರುವುದಿಲ್ಲ, ಆಗ ಅದು ಬೇರೆಯದನ್ನೇ ಹೇಳುತ್ತದೆ. ಹುಲಿಗವ್ವನ ತಮ್ಮ ದುರಗ್ಯಾನ ಜೋಲಿಯ ಹತ್ತಿರ ಹೋದಾಗಲೆಲ್ಲ ಅವನು ಉಸಿರು ಹಿಡಿಯುತ್ತಿದ್ದ. ಹರಳೆಣ್ಣೆ, ಬೆವರು, ಹೊಗೆ, ಅದರೊಳಗೆ ತೊಗಲು ಹದಮಾಡುವ ತಂಗಡಿ ತೊಗಟೆಯ ಒಗರು. ಪಾಠ ಹೇಳುತ್ತ ಅತ್ತ ಹೋಗುವಾಗ ವಾಕ್ಯ ಅಲ್ಲಿಗೆ ಮುಗಿಯುವಂತೆ ನೋಡಿಕೊಂಡು, ಬಾಯಿ ಮುಚ್ಚಿ, ದಾಟಿ, ಮತ್ತೆ ಮುಂದಿನ ವಾಕ್ಯ ತೆಗೆಯುತ್ತಿದ್ದ. ಎಷ್ಟು ರೂಢಿಯಾಗಿತ್ತೆಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮ ಸಾಲೆಯಲ್ಲಿ ಎಲ್ಲರೂ ಒಂದೇ ಗೋಣಿತಟ್ಟಿನ ಮೇಲೆ ಕೂರುತ್ತಾರೆ ಎಂದು ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುವ ಮನುಷ್ಯ ವರ್ಷ ಕಳೆದರೂ ಆ ಕೂಸನ್ನು ಒಮ್ಮೆಯೂ ಎತ್ತಿರಲಿಲ್ಲ. ಅದರ ಜೋಲಿಯನ್ನು ಬಾಗಿಲ ಪಕ್ಕದ ಕೊನೆಯ ತೊಲೆಗೆ ಕಟ್ಟಿಸಿದ್ದ. ಗಾಳಿ ಚೆನ್ನಾಗಿ ಬರುತ್ತದೆ ಎಂದಿದ್ದ. ಗಾಳಿ ಬರುವುದೂ ನಿಜವೇ.

ನಿನ್ನೆ ಅಗಸರ ಓಬಳೆಪ್ಪ ಬಂದು ಮೂರು ಸೀರೆ ತೆಗೆದುಕೊಂಡ. ಮೊಮ್ಮಗಳ ಜೋಲಿಗೆಂದು ಮರ್ದಾನಸಾಬನ ಮನೆಯಿಂದ ಬಂದದ್ದಕ್ಕೂ ಬೇಡವೆನ್ನಲಿಲ್ಲ. ನಾಲ್ಕನೆಯದನ್ನು, ಪಕ್ಕೀರವ್ವನದನ್ನು, ಕೋಲಿನ ತುದಿಯಿಂದ ಪಕ್ಕಕ್ಕೆ ಸರಿಸಿದ. ಇದನ್ನು ಮುಟ್ಟಿದರೆ ಗೌಡರ ಮನೆಯ ಬಟ್ಟೆ ನನ್ನ ಕೈಗೆ ಬರುವುದಿಲ್ಲ ಮಾಸ್ತರ, ನೀವು ಸಂಘದವರು, ನಾನು ಊರವ ಅಂದ. ಕರಿಬಸಪ್ಪ ಅವನಿಗೆ ದೊಡ್ಡದೊಂದು ಉಪದೇಶ ಮಾಡಿದ. ಓಬಳೆಪ್ಪ ತಲೆ ಕೆರೆಯುತ್ತ ಪೂರ್ತಿ ಕೇಳಿ, ಮೂರು ಸೀರೆ ಗಂಟು ಕಟ್ಟಿ ಕತ್ತೆಯ ಮೇಲೆ ಹಾಕಿದ. ಅವನ ಕೋಲಿನ ತುದಿ ಕಂಡು ಕರಿಬಸಪ್ಪನಿಗೆ ಮೈ ಉರಿದುಹೋಯಿತು. ಆ ಉರಿಯಲ್ಲೇ ನಾಲ್ಕನೆಯದನ್ನು ತಾನೇ ಹಳ್ಳಕ್ಕೆ ಒಯ್ದ. ಯಾರೂ ಇಲ್ಲದ ಕಡೆ, ತಣ್ಣನೆಯ ನೀರಿನಲ್ಲಿ ಮೊಣಕಾಲವರೆಗೆ ನಿಂತು, ಸವಳು ತಿಕ್ಕಿ ತಿಕ್ಕಿ, ಬಂಡೆಗೆ ಬಡಿದು ಬಡಿದು, ಆ ಹರಳೆಣ್ಣೆಯ ಜಿಡ್ಡೆಲ್ಲ ಬಿಡುವ ತನಕ ಒಗೆದ. ಯಾರಾದರೂ ಕಂಡಾರೆಂದು ಹೆದರಿಕೆ. ಜೊತೆಗೇ ಈಶಪ್ಪನವರು ಇದನ್ನು ಕಾಣಬೇಕಿತ್ತು ಎಂಬ ಆಸೆ. ಎರಡೂ ಒಟ್ಟಿಗೆ ಇದ್ದವು. ಹಿಂಡಿ ಝಾಡಿಸಿದಾಗ ಸೀರೆಯಲ್ಲಿ ಯಾವ ವಾಸನೆಯೂ ಉಳಿದಿರಲಿಲ್ಲ, ಅವನು ಮೂಗು ಹತ್ತಿರ ಒಯ್ದು ನೋಡಿ ಸಮಾಧಾನಪಟ್ಟಿದ್ದ.

ಇವತ್ತು ಹೊತ್ತಿಗೆ ಸರಿಯಾಗಿ ಮಕ್ಕಳು ಬಂದವು. ಹುಲಿಗವ್ವ ದುರಗ್ಯಾನನ್ನು ಸೊಂಟದ ಮೇಲೆ ಇಟ್ಟುಕೊಂಡು, ತಾಯಿಯ ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡೇ ಬಂದಳು. ಪಕ್ಕೀರವ್ವ ಹೊರೆ ಹೊರುವಾಗ ತಲೆಗಿಟ್ಟುಕೊಳ್ಳುವ ಬಟ್ಟೆಯ ಸುರುಳಿ ಅದು. ಎಣ್ಣೆ ಕುಡಿದು ಕುಡಿದು ಕರ್ರಗೆ, ತೊಗಲಿನಂತೆ ಆಗಿತ್ತು. ಸಾಲೆ ಬಿಟ್ಟ ಮೇಲೆ ಹುಲಿಗವ್ವ ನೆಟ್ಟಗೆ ಹೊಲಕ್ಕೆ ಹೋಗಿ ಹತ್ತಿಕಟ್ಟಿಗೆಯ ಹೊರೆ ತರಬೇಕು, ಅದಕ್ಕೆ ಬೇಕು. ದಿನವೂ ಮಾಡುವಂತೆ ಅದನ್ನು ಕರಿಬಸಪ್ಪನ ಕೋಟಿನ ಪಕ್ಕದ ಮೊಳೆಗೆ ತೂಗುಹಾಕಿ, ಕೂಸನ್ನು ಜೋಲಿಗೆ ಹಾಕಿ, ಹೆಬ್ಬೆರಳಿಗೆ ಹಗ್ಗ ಸುತ್ತಿಕೊಂಡು ಕೂತಳು. ಹೊರಗೆ ಎತ್ತಿನ ಗೆಜ್ಜೆಯ ಸದ್ದು ಕೇಳಿಸಿತು. ಸುಣ್ಣ ಬಳಿದ ಗೋಡೆಯ ಮೇಲೆ ಆ ಕರಿಯ ಸುರುಳಿ ಕಣ್ಣಿಗೆ ಹೊಡೆಯುವಂತೆ ಇತ್ತು. ಕರಿಬಸಪ್ಪ ಬೆತ್ತ ಎತ್ತಿ, ಅದರ ತುದಿಯಿಂದ ಸಿಂಬಿಯನ್ನು ಮೊಳೆಯಿಂದ ತಪ್ಪಿಸಿ, ಹಾಗೇ ಬೆತ್ತದ ಮೇಲೆಯೇ ಹಿಡಿದು ಬಾಗಿಲಿಗೆ ಹೋಗಿ ಹೊರಗಿನ ಜಾಲಿಮುಳ್ಳಿನ ಬೇಲಿಯ ಮೇಲೆ ಎಸೆದ. ತಿರುಗಿದರೆ ಹುಲಿಗವ್ವ ನೋಡುತ್ತಿದ್ದಳು. ಅವಳು ನೋಡಿದ್ದು ಬೇಲಿಯನ್ನಲ್ಲ, ಬೆತ್ತದ ತುದಿಯನ್ನು. ಸಾಹುಕಾರರು ಬಂದು ಹೋಗಲಿ, ಆಮೇಲೆ ತಗೊಳ್ಳುವಿಯಂತೆ ಎಂದು ಅವನು ಗೊಣಗಿದ. ಅವಳು ಪಾಟಿಯ ಕಡೆ ಮುಖ ತಿರುಗಿಸಿದಳು.

ಈಶಪ್ಪನವರು ಬಂಡಿಯಿಂದ ಇಳಿದು ರುಮಾಲು ಸರಿಮಾಡಿಕೊಂಡು ಒಳಗೆ ಬಂದರು. ಅವರ ಹಿಂದೆ ವಿರೂಪಾಕ್ಷಮ್ಮ. ಕೊಪ್ಪಳದಲ್ಲಿ ಎಲ್ಲರೂ ಅವರನ್ನು ಮುಷ್ಟಿಯವ್ವ ಎನ್ನುತ್ತಿದ್ದರು. ಅಡುಗೆಗೆ ಜೋಳ ಅಳೆಯುವಾಗ ಸಾಲೆಯ ಹೆಸರಿನಲ್ಲಿ ಒಂದು ಮುಷ್ಟಿ ತೆಗೆದು ಬೇರೆ ಗಡಿಗೆಗೆ ಹಾಕಿರಿ ಎಂದು ಮನೆಮನೆಯ ಹೆಂಗಸರಿಗೆ ಹೇಳಿ, ವಾರಕ್ಕೊಮ್ಮೆ ತಾವೇ ಚೀಲ ಹಿಡಿದು ಹೋಗಿ ಸುರಿಸಿಕೊಂಡು ಬರುತ್ತಿದ್ದರು. ಸಾಲೆಯ ಮಕ್ಕಳು ಮಧ್ಯಾಹ್ನ ಉಣ್ಣುವ ನುಚ್ಚು ಆ ಗಡಿಗೆಗಳದ್ದು. ಈಶಪ್ಪನವರು ಜೋಲಿಗಳನ್ನು ನೋಡಿ, ಮಡಿಯಾಗಿ ಇಟ್ಟಿದ್ದೀರಿ ಎಂದರು. ಎರಡು ದಿನದಿಂದ ಈ ಮಾತಿಗಾಗಿಯೇ ಕಾದಿದ್ದ ಕರಿಬಸಪ್ಪ ಬಾಯಿ ತೆರೆಯುವಷ್ಟರಲ್ಲಿ ದುರಗ್ಯಾ ಅಳಲು ಶುರುಮಾಡಿದ.

ಮೊದಲು ಕುಂಯ್ ಎಂದು ಸಣ್ಣಗೆ. ಹುಲಿಗವ್ವ ಕಾಲು ಜೋರಾಗಿ ಆಡಿಸಿದಳು. ಜೋಲಿ ತೂಗಿದಷ್ಟೂ ಅಳು ಏರಿತು. ಅದನ್ನು ಕೇಳಿ ಮರ್ದಾನಸಾಬನ ಮೊಮ್ಮಗಳು ದನಿ ತೆಗೆದಳು, ಆಮೇಲೆ ಉಳಿದೆರಡೂ. ಪಡಸಾಲೆಗೆ ಪಡಸಾಲೆಯೇ ಹರಿದುಹೋಗುವಂತೆ ಆಯಿತು. ಯಾವತ್ತೂ ಹೀಗಾಗಿರಲಿಲ್ಲ, ಒಂದು ಎದ್ದರೆ ಒಂದು ಮಲಗುತ್ತಿತ್ತು, ದುರಗ್ಯಾ ಅಂತೂ ಜೋಲಿಗೆ ಹಾಕಿದ ಕೂಡಲೇ ಬೆರಳು ಚೀಪುತ್ತ ಕಣ್ಣು ಮುಚ್ಚುವ ಕೂಸು. ಮಗ್ಗಿ ಹೇಳಿಸಲು ಹೋದ ಕರಿಬಸಪ್ಪನ ದನಿ ಅವನಿಗೇ ಕೇಳಿಸಲಿಲ್ಲ. ಹುಡುಗರು ಕಿಸಿಕಿಸಿ ನಗತೊಡಗಿದರು. ವಿರೂಪಾಕ್ಷಮ್ಮ ಮರ್ದಾನಸಾಬನ ಮೊಮ್ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮೂರನೆಯದನ್ನು ಅದರ ಅಕ್ಕ ಎತ್ತಿಕೊಂಡು ತಟ್ಟಿದಳು. ದುರಗ್ಯಾನನ್ನೂ ಹುಲಿಗವ್ವ ಎತ್ತಿಕೊಂಡಳು, ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಸೀರೆಯ ಮಡಿಕೆ ಮುಖಕ್ಕೆ ತಾಗಿದರೆ ಸಾಕು, ಕೂಸು ಬೆಚ್ಚಿ ಕಿರುಚುತ್ತಿತ್ತು. ಈಶಪ್ಪನವರು ಕುರ್ಚಿಯ ಮೇಲೆ ನೆಟ್ಟಗೆ ಕೂತು ತಮ್ಮ ಉಂಗುರ ತಿರುಗಿಸುತ್ತಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಅದಕ್ಕೇ ಬೈದು ಎದ್ದು ಹೋಗದೆ ಕೂತಿದ್ದರು, ಅದಕ್ಕೇ ಕರಿಬಸಪ್ಪನಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸುತ್ತಿತ್ತು. ಕೊನೆಗೆ ಅವರು ಮೆಲ್ಲಗೆ, ದಿನಾ ಹಿಂಗೇ ಏನು ಎಂದು ಕೇಳಿದರು. ಇಲ್ಲ ಎಂದರೆ ನಂಬುವವರು ಯಾರು? ಕರಿಬಸಪ್ಪ ಕೈಯಲ್ಲಿದ್ದ ಬೆತ್ತವನ್ನು ಗೋಡೆಗೆ ಆನಿಸಿದ, ಅದು ಜಾರಿ ಬಿತ್ತು, ಹುಡುಗರು ಮತ್ತೆ ನಕ್ಕರು.

ಹುಲಿಗವ್ವ ಹೆಬ್ಬೆರಳಿನ ಹಗ್ಗ ಬಿಚ್ಚಿದಳು. ಪಾಟಿಯನ್ನು ಅಂಗೈಯಿಂದ ಒರೆಸಿ ಚೀಲದೊಳಗೆ ಇಟ್ಟಳು. ಕೂಸನ್ನು ಸೊಂಟಕ್ಕೇರಿಸಿಕೊಂಡು ಬಾಗಿಲ ಕಡೆ ನಡೆದಳು. ಯಾರ ಮುಖವನ್ನೂ ನೋಡಲಿಲ್ಲ.

"ಎಲ್ಲಿಗೆ?" ಎಂದ ಕರಿಬಸಪ್ಪ, ಬಾಗಿಲಿಗೆ ಅಡ್ಡ ಬಂದು.

"ಅವ್ವನ ಕಡೆ ಹೋಗ್ತೀನ್ರಿ. ಅಳಾಕ ಹತ್ಯಾನ."

ಅವಳು ಪಾಟಿ ಒರೆಸಿದ ರೀತಿ ಕಂಡೇ ಅವನ ಜೀವ ಬಾಯಿಗೆ ಬಂದಿತ್ತು. ನಾಳೆ ತಿದ್ದುವುದಕ್ಕೆ ಒರೆಸಿದ ಪಾಟಿಯಲ್ಲ ಅದು. ಈ ಹೊಸಲು ದಾಟಿದರೆ ಮುಗಿಯಿತು, ನಾಳೆಯಿಂದ ಅವಳು ಹತ್ತಿ ಬಿಡಿಸುವ ಸಾಲಿನಲ್ಲಿ ಇರುತ್ತಾಳೆ, ಬೈಯುವಂತೆ ಓದುವ ಆ ದನಿ ಎತ್ತನ್ನು ಬೈಯುವುದಕ್ಕೆ ಮಾತ್ರ ಉಳಿಯುತ್ತದೆ. ಬಾಗಿಲ ಎರಡೂ ಬದಿಗೆ ಕೈ ಚಾಚಿ ಅವನು ಅಡ್ಡ ನಿಂತೇ ಇದ್ದ. ಅವಳ ಹೆಗಲ ಮೇಲಿನಿಂದ ಒಗೆದ ಸೀರೆ ಖಾಲಿ ತೂಗುವುದು ಕಾಣುತ್ತಿತ್ತು, ಗಾಳಿಗೆ ಸವಳಿನ ವಾಸನೆ ಮುಖಕ್ಕೆ ಬಡಿಯುತ್ತಿತ್ತು, ಮತ್ತು ಆ ವಾಸನೆಯಲ್ಲಿ ಅವನು ಸಣ್ಣ ಹುಡುಗನಾಗಿ ಯಲಬುರ್ಗಿಯಲ್ಲಿ ತಾಯಿಯ ತಂಗಿ ಚಿಗವ್ವನ ಮನೆಯ ಅಟ್ಟದ ಕೆಳಗೆ ಮಲಗಿದ್ದ. ತಾಯಿ ತೀರಿಕೊಂಡು ಎಷ್ಟೋ ದಿನವಾಗಿತ್ತು. ಅವಳ ಹಸಿರು ಸೀರೆಯ ಸೆರಗನ್ನು ಮೂಗಿಗೆ ಹಿಡಿದು ಅವನು ಮಲಗುತ್ತಿದ್ದ. ಎಂಥ ಕೊಳೆಯಾಗಿದೆ ಎಂದು ಚಿಗವ್ವ ಪ್ರೀತಿಯಿಂದಲೇ ಅದನ್ನು ಒಗೆದು, ಒಣಗಿಸಿ, ಮಡಚಿ ತಂದು ತಲೆಗಿಟ್ಟಳು. ಅವನು ಅತ್ತ. ಎಷ್ಟು ಅತ್ತನೆಂದರೆ ಚಿಗವ್ವ ಸಾಯುವ ತನಕ ಹೇಳಿಕೊಂಡು ನಗುತ್ತಿದ್ದಳು, ಒಗೆದ ಸೀರೆ ಕೊಟ್ಟರೆ ಅಳುವ ಹುಡುಗ ಇವನೊಬ್ಬನೇ ಎಂದು. ಅವಳಿಗೆ ತಿಳಿದಿರಲಿಲ್ಲ. ಅವನಿಗಾದರೂ ಎಲ್ಲಿ ತಿಳಿದಿತ್ತು? ತಾಯಿ ಸತ್ತದ್ದು ಅವನಿಗೆ ಗೊತ್ತಾದದ್ದು ಆ ದಿನ, ಆ ಮಡಿ ಸೀರೆಯಲ್ಲಿ. ಹಳ್ಳದ ನೀರಿನಲ್ಲಿ ನಿಂತು ಅವನು ನಿನ್ನೆ ತಿಕ್ಕಿ ತಿಕ್ಕಿ ಕಳೆದದ್ದು ಜಿಡ್ಡನ್ನಲ್ಲ. ಪಕ್ಕೀರವ್ವನನ್ನೇ ಆ ಸೀರೆಯಿಂದ ಒಗೆದು ಹಾಕಿದ್ದ.

ಪಕ್ಕೀರವ್ವನಿಗಿರುವುದು ಎರಡೇ ಸೀರೆ. ಒಂದು ಇದು, ಒಂದು ಹೊಲದಲ್ಲಿ ಅವಳ ಮೈಮೇಲೆ. ಕರಿಬಸಪ್ಪ ಹೊರಗೆ ತಿರುಗಿದ. ಬೇಲಿಯ ಮೇಲೆ ಮುಳ್ಳಿಗೆ ಸಿಕ್ಕು, ಯಾರೂ ಒಗೆಯದ ಅವಳ ಸಿಂಬಿ ಹಾಗೇ ಇತ್ತು. ಇರು, ಹೋಗಬೇಡ ಎಂದು ಹುಲಿಗವ್ವನಿಗೆ ಹೇಳಿ ಅಂಗಳಕ್ಕೆ ಓಡಿದ. ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಿತ್ತು. ಕೈ ಚಾಚಿದ. ಮುಟ್ಟುವ ಮುನ್ನ ಕೈ ಒಂದು ಗಳಿಗೆ ನಿಂತದ್ದು ಅವನಿಗೆ ಗೊತ್ತಾಯಿತು, ತನಗೇ ಥೂ ಎಂದುಕೊಂಡ, ಮುಳ್ಳು ಗೀರಿದರೂ ಬಿಡದೆ ಬಿಡಿಸಿಕೊಂಡ. ಧೂಳು ಝಾಡಿಸುವಾಗ ಮುಖದ ಹತ್ತಿರ ಬಂತು. ಈ ಸಲ ಉಸಿರು ಹಿಡಿಯಲು ನೆನಪಾಗಲಿಲ್ಲ. ಹರಳೆಣ್ಣೆ, ಬೆವರು, ಹೊಗೆ. ತಾಯಿಯ ಹಸಿರು ಸೆರಗಿನಲ್ಲಿ ಇದ್ದದ್ದೂ ಇವೇ ಮೂರು. ತಂಗಡಿ ತೊಗಟೆಯ ಒಗರೊಂದು ಹೆಚ್ಚು, ಅಷ್ಟೇ. ಅಷ್ಟಕ್ಕಾಗಿ ಒಂದು ವರ್ಷ ಮೂಗು ಮುಚ್ಚಿಕೊಂಡು ಪಾಠ ಹೇಳಿದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಹೇಸಿಕೆಯೂ ಆಯಿತು.

ಒಳಗೆ ಬಂದು ಹುಲಿಗವ್ವನ ಸೊಂಟದಿಂದ ಕೂಸನ್ನು ತಾನೇ ತೆಗೆದುಕೊಂಡ. ಅದು ಅಂದುಕೊಂಡದ್ದಕ್ಕಿಂತ ಭಾರವಿತ್ತು, ಅತ್ತು ಅತ್ತು ಮೈಯೆಲ್ಲ ಬಿಸಿಯಾಗಿತ್ತು. ಜೋಲಿಯಲ್ಲಿ ಮಲಗಿಸಿ ಸಿಂಬಿಯನ್ನು ಕೆನ್ನೆಯ ಕೆಳಗೆ ಇಟ್ಟ. ದುರಗ್ಯಾ ಇನ್ನೆರಡು ಸಲ ಕಿರುಚಿದ. ಆಮೇಲೆ ಕಿರುಚುವುದಕ್ಕೆ ಎಳೆದುಕೊಂಡ ಉಸಿರು ಅಲ್ಲೇ ನಿಂತಿತು. ಮುಖ ಅತ್ತ ಇತ್ತ ಉಜ್ಜಿದ, ಬಿಕ್ಕಿದ, ಸಿಂಬಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಎಳೆದುಕೊಂಡ. ಕರಿಬಸಪ್ಪ ಜೋಲಿಯ ಅಂಚು ಹಿಡಿದು ತೂಗಿದ. ಲಾಲಿ ಅವನಿಗೆ ಬರುತ್ತಿರಲಿಲ್ಲ. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು ಎಂದು ಮಗ್ಗಿಯನ್ನೇ ಮೆಲ್ಲಗೆ ಅನ್ನತೊಡಗಿದ. ನಗುತ್ತಿದ್ದ ಹುಡುಗರು ರೂಢಿಯ ಬಲದಿಂದ ದನಿಗೂಡಿಸಿದರು. ಮಗ್ಗಿ ಮುಗಿಯುವ ಮೊದಲೇ ಕೂಸಿನ ಕಣ್ಣು ಮುಚ್ಚಿದವು, ಉಳಿದವೂ ಒಂದೊಂದಾಗಿ ಸುಮ್ಮನಾದವು. ಕರಿಬಸಪ್ಪ ಹೋದ ಜೀವ ತಿರುಗಿ ಬಂದಂತಾಗಿ ಅಲ್ಲೇ ತಟ್ಟಿನ ಮೇಲೆ ಕೂತುಬಿಟ್ಟ.

ಹುಲಿಗವ್ವ ಹಗ್ಗ ತೆಗೆದು ಹೆಬ್ಬೆರಳಿಗೆ ಸುತ್ತಿಕೊಂಡಳು. ಚೀಲದಿಂದ ಪಾಟಿ ಬಂತು, ಪುಸ್ತಕವೂ ಬಂತು. ಈಶಪ್ಪನವರು ಒಂದು ಪುಟ ತೆಗೆಸಿ ಓದು ಎಂದರು. ಅವಳು ಓದಿದಳು, ಎಂದಿನಂತೆ ಹುಬ್ಬು ಗಂಟಿಕ್ಕಿ, ಒಂದಕ್ಷರವನ್ನೂ ಬಿಡದೆ, ಇವತ್ತು ಸ್ವಲ್ಪ ಹೆಚ್ಚೇ ಸಿಟ್ಟಿನಿಂದ. ಕಾಲು ಮಾತ್ರ ಮೆತ್ತಗೆ ಆಡುತ್ತಲೇ ಇತ್ತು. ಸಾಹುಕಾರರ ಕಣ್ಣು ಪುಸ್ತಕದಿಂದ ಆ ಕಾಲಿಗೆ, ಕಾಲಿನಿಂದ ಹಗ್ಗದ ಗುಂಟ ಜೋಲಿಗೆ ಹೋಗಿ ಬಂತು. ಹೋಗಿ ಬಂದು ಮತ್ತೆ ಹೋಯಿತು. ಉಂಗುರ ತಿರುಗಿಸುವುದನ್ನು ಅವರು ಬಿಟ್ಟಿದ್ದರು. ಓದು ಮುಗಿದ ಮೇಲೆ ಹೇಳಿದರು:

"ಜೋಲಿ ಇರ್ಲಿ ಮಾಸ್ತರ. ಸಭಾದಾಗ ನಾ ಹೇಳ್ತೀನಿ. ಆದ್ರ ಮೊದಲ ಯಾಕ ಅಷ್ಟು ಅತ್ವು?"

"ಸೀರಿ ಒಗದಿದ್ದೆ ನೋಡ್ರಿ. ಅದು ತಪ್ಪಾತ್ರಿ."

ಈಶಪ್ಪನವರಿಗೆ ಅರ್ಥವಾಗಲಿಲ್ಲ, ಮಡಿಯಾಗಿರುವುದು ತಪ್ಪೇನು ಎಂಬಂತೆ ನೋಡಿದರು. ವಿರೂಪಾಕ್ಷಮ್ಮ ಮಾತ್ರ ತಮ್ಮ ತೊಡೆಯ ಮೇಲೆ ಮಲಗಿದ ಕೂಸಿನ ನೆತ್ತಿಯನ್ನು ಮೂಸಿ, ಮುಖ ಆ ಕಡೆ ತಿರುಗಿಸಿಕೊಂಡು ನಕ್ಕರು. ಬಂಡಿ ಹತ್ತುವಾಗ ಅವರು, ಮುಂದಿನ ವಾರದ ಜೋಳದ ಜೊತೆ ಜೋಲಿಗೆ ಇನ್ನೆರಡು ಹಗ್ಗ ಕಳಿಸುತ್ತೇನೆ, ಕೇರಿಯಲ್ಲಿ ಇನ್ನೂ ಹುಡುಗಿಯರು ಇದ್ದಾರಲ್ಲ ಅಂದರು. ಗೆಜ್ಜೆಯ ಸದ್ದು ದೂರವಾಗುವ ತನಕ ಕರಿಬಸಪ್ಪ ಅಂಗಳದಲ್ಲಿ ನಿಂತಿದ್ದ. ಆಮೇಲೆ ಮಕ್ಕಳ ಜೊತೆ ಕೂತ. ನುಚ್ಚು ಉಂಡ, ಎರಡನೆಯ ಸಲ ಹಾಕಿಸಿಕೊಂಡ. ನಗು ಬರುತ್ತಿತ್ತು, ಅಳುವೂ ಬರುವಂತಿತ್ತು, ಎರಡನ್ನೂ ಮಕ್ಕಳ ಮುಂದೆ ತೋರಿಸಲು ನಾಚಿಕೆಯಾಯಿತು.

ಸಾಲೆ ಬಿಟ್ಟಾಗ ಉಳಿದವರೆಲ್ಲ ಹೋದರು, ಹುಲಿಗವ್ವ ಹೋಗಲಿಲ್ಲ. ಮಲಗಿದ ತಮ್ಮನನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಎದುರಿಗೆ ನಿಂತಳು. ಕೂಸಿನ ಮುಷ್ಟಿಯಲ್ಲಿ ಸಿಂಬಿ ಇತ್ತು.

"ಇದನ್ನ ಬಿಡಿಸಿದ್ರ ಏಳ್ತಾನ್ರಿ. ಕಟಗಿ ಹೊರಾಕ ನನಗ ಸಿಂಬಿ ಬೇಕು."

ಕೇಳಿಕೊಳ್ಳುವ ದನಿಯಲ್ಲ, ತಪ್ಪು ಮಾಡಿದವನು ನೀನು, ದಾರಿ ನೀನೇ ಹುಡುಕು ಎಂಬ ದನಿ. ಕರಿಬಸಪ್ಪ ಸುತ್ತ ನೋಡಿದ. ಆಮೇಲೆ ಹೆಗಲ ಮೇಲಿದ್ದ ತನ್ನ ವಲ್ಲಿಯನ್ನು ತೆಗೆದು ಸುರುಳಿ ಸುತ್ತಲು ನೋಡಿದ. ಸುತ್ತಿದ್ದು ಬಿಚ್ಚಿಕೊಂಡಿತು. ಮತ್ತೆ ಸುತ್ತಿದ, ಮತ್ತೆ ಬಿಚ್ಚಿಕೊಂಡಿತು. ಹುಲಿಗವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಒಂದೇ ಕೈಯಿಂದ ಹುರಿ ಹಾಕಿ, ಅಂಗೈಗೆ ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ಸಿಗಿಸಿದಳು.

"ಹಿಂಗ್ರಿ," ಎಂದಳು. ಬೆಳಿಗ್ಗೆಯಿಂದ ಅವಳು ಅವನ ಮುಖ ನೋಡಿದ್ದು ಆಗಲೇ. ಹೊಸ ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡು ಹೊಲದ ದಾರಿ ಹಿಡಿದಳು.

ಸಂಜೆ ಅವನು ಮನೆಗೆ ಹೊರಟಾಗ ಕಟ್ಟೆಯ ಮೇಲೆ ಎಂದಿನವರೆಲ್ಲ ಇದ್ದರು, ಕೆಳಗೆ ಮೆಟ್ಟಿಲ ಮೇಲೆ ಓಬಳೆಪ್ಪನೂ ಕೂತಿದ್ದ. ಬರಿಯ ಹೆಗಲು ಕಂಡು ಒಬ್ಬ, ಜೋಲಿ ಮಾಸ್ತರ, ವಲ್ಲಿಯನ್ನೂ ಜೋಲಿ ಕಟ್ಟಿದಿರೇನು ಎಂದ. ಇಲ್ಲ, ಮಾದರ ಹುಲಿಗವ್ವನ ತಲೆಯ ಮೇಲೆ ಇದೆ, ಕಟ್ಟಿಗೆ ಹೊರುವುದಕ್ಕೆ ಕೊಟ್ಟಿದ್ದೇನೆ ಎಂದು ಕರಿಬಸಪ್ಪ ಹೇಳಿದ. ಆ ಮಾತು ಇಷ್ಟು ಹಗುರವಾಗಿ ಬಾಯಿಂದ ಬಂದೀತೆಂದು ಅವನಿಗೇ ಗೊತ್ತಿರಲಿಲ್ಲ. 

ಓಬಳೆಪ್ಪ ತಲೆ ಕೆರೆಯುತ್ತ, ತಗ್ಗಿದ ದನಿಯಲ್ಲಿ, ತಿರುಗಿ ಬಂದ ಮೇಲೆ ಅದನ್ನು ಒಗೆಯಲು ಹಾಕುವವರೇ ಎಂದು ಕೇಳಿದ. ನಾನು ಮುಟ್ಟಲಾರೆ ಎಂದು ಮೊದಲೇ ಹೇಳಿಬಿಡುವ ಸಂಕಟ ಅವನ ಮುಖದಲ್ಲಿತ್ತು.

"ನಿನಗ ತ್ರಾಸ ಬ್ಯಾಡ ಓಬಳೆಪ್ಪ," ಎಂದ ಕರಿಬಸಪ್ಪ. "ಅದನ್ನ ಒಗಸೂದಿಲ್ಲ. ನಾಳಿ ದುರಗ್ಯಾನ ತಲಿ ಕೆಳಗ ಬೇಕು."